ಆರು ಹಲ್ಲಿನ ಕಂಟ್ರೋಲರ್

ಕವಲಂದೆಯ ಸುತ್ತಮುತ್ತ ಒಂದು ಕಾಲದಲ್ಲಿ ಯಾರೇ ಎತ್ತು ಕೊಳ್ಳುವುದಾದರೂ ಮೊದಲು ಪುಟ್ಟಬಸವಯ್ಯನ ಜಗುಲಿಗೆ ಬಂದು ಕೂರಬೇಕಿತ್ತು. ಅವನು ಹೆಗಲಿಗೆ ಟವಲ್ ಹಾಕಿಕೊಂಡು ಹೊರಟನೆಂದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಸಂತೆಯಲ್ಲಿ ಎತ್ತಿನ ಮುಂದೆ ನಿಂತು ನೋಡುತ್ತಿದ್ದ, ಹಿಂದೆ ನಿಂತು ನೋಡುತ್ತಿದ್ದ, ಕುಕ್ಕರುಗಾಲಲ್ಲಿ ಕೂತು ಹೊಟ್ಟೆಯ ಕೆಳಗಿನಿಂದ ಆಚೆ ಬದಿಯ ಜನರನ್ನೂ ಒಂದು ಸಲ ನೋಡಿಬಿಡುತ್ತಿದ್ದ. ಮೈಮೇಲೆ ಸುಳಿ ಎಲ್ಲಿದೆ, ಬಾಲ ಎಲ್ಲಿಗೆ ಮುಟ್ಟುತ್ತದೆ, ಗೊರಸು ಒಡೆದಿದೆಯೋ ಎಂದೆಲ್ಲ ಪರೀಕ್ಷೆಯಾದ ಮೇಲೆ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ. ಎರಡು ಹಲ್ಲಾದರೆ ಇನ್ನೂ ಹುಡುಗಾಟ. ಆರು ಹಲ್ಲಾದರೆ ದುಡಿಯುವ ವಯಸ್ಸು. ಎಂಟೂ ಬಂದು ಬಾಯಿಗೂಡಿತೆಂದರೆ ಇನ್ನೇನಿದ್ದರೂ ಇಳಿಜಾರು. ಈ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ.

ಆರಿಸುವ ಚಾಳಿ ಎತ್ತಿಗೇ ನಿಲ್ಲಲಿಲ್ಲ. ಹಲಸಿನ ಹಣ್ಣನ್ನು ತಟ್ಟಿ, ಮಡಕೆಯನ್ನು ಬಡಿದು, ಕಲ್ಲಂಗಡಿಗೆ ಕಿವಿ ಕೊಟ್ಟು ಆರಿಸುತ್ತಿದ್ದ. ಮಗಳು ಕೋಮಲಳನ್ನು ನೋಡಲು ಪ್ರೇಮ್‌ಕುಮಾರ್ ಬಂದಾಗ ಅವನ ಓದು, ಕೆಲಸ ಯಾವುದನ್ನೂ ಕೇಳದೆ ಎರಡು ಮುದ್ದೆ ಮುಂದಿಟ್ಟು ನುಂಗುವುದನ್ನು ನೋಡಿದ. ಆಮೇಲೆ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ, “ಕಾಲು ಎಳ್ಯಲ್ಲ, ಆಗ್ಬೋದು” ಎಂದ. ಪ್ರೇಮ್‌ಕುಮಾರ್ ಇವತ್ತಿಗೂ ಮಾವನ ಎದುರಿಗೆ ನಡೆಯುವಾಗ ಒಂದಿಷ್ಟು ನೆಟ್ಟಗೆ ನಡೆಯುತ್ತಾನೆ.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರ್ ಆರಿಸಲು ಯಾರೂ ಪುಟ್ಟಬಸವಯ್ಯನನ್ನು ಕರೆಯಲಿಲ್ಲ. ಓರಗೆಯವನಾದ ಚಾಮಯ್ಯ ತನ್ನ ಹೊಸ ಟ್ರ್ಯಾಕ್ಟರಿಗೆ ಹಾರ ಹಾಕಿ ಊರೊಳಗೆ ತಂದ ದಿನ ಇವನು ಕರೆಯದೆಯೇ ಹೋಗಿ, ಸುತ್ತು ಹಾಕಿ, ಹಿಂದಿನ ಚಕ್ರದ ಮೇಲಿನ ತಗಡಿನಲ್ಲೊಂದು ತಗ್ಗು ಕಂಡು, “ಸುಳಿ ಜಾಗ ಸರಿಯಿಲ್ಲ ಕಣ್ಲಾ” ಎಂದುಬಿಟ್ಟ. ಚಾಮಯ್ಯ ಅದನ್ನು ಮರೆಯಲಿಲ್ಲ. ಪುಟ್ಟಬಸವಯ್ಯನ ಹಳೆಯ ದರ್ಬಾರಿನಲ್ಲಿ ಉಳಿದದ್ದು ಮೀಸೆಯೊಂದೇ. ಎರಡೂ ತುದಿ ಕೊಂಬಿನಂತೆ ಮೇಲಕ್ಕೆ ತಿರುಗಿದ ಆ ಮೀಸೆಗೆ ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸಲ್ಲುತ್ತಿತ್ತು.

ಹೀಗಿರುವಾಗ ಅಳಿಯ ತೋಟದ ಮನೆಗೆ ಸೋಲಾರ್ ಹಾಕಲು ಮುಂದಾದ. ಬಾಳೆ ತೋಟದ ಆ ಒಂಟಿ ಕೋಣೆಯವರೆಗೆ ಕರೆಂಟ್ ಕಂಬ ಬಂದಿರಲಿಲ್ಲ. ಪುಟ್ಟಬಸವಯ್ಯನ ಹೆಂಡತಿ ಮಹದೇವಮ್ಮ ಹಗಲೆಲ್ಲ ಅಲ್ಲೇ ಇರುವವಳು, ಶೀಟಿನ ಸೂರಿನಡಿ ಬೆಂದುಹೋಗುತ್ತಿದ್ದಳು. ಪ್ರೇಮ್‌ಕುಮಾರ್‌ಗೆ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸ. ರಜೆಯ ದಿನ ಬಂದು ಸೂರಿನ ಮೇಲೆ ಪ್ಯಾನಲ್ ಕೂರಿಸಿದ, ಮೂಲೆಯಲ್ಲಿ ಬ್ಯಾಟರಿ ಇಟ್ಟ, ಬಾಗಿಲ ಮೇಲೆ ಒಂದು ಬಲ್ಬು, ಒಳಗೆ ಒಂದು ಫ್ಯಾನು ತೂಗುಹಾಕಿದ.

“ಮಧ್ಯಕ್ಕೆ ಚಾರ್ಜ್ ಕಂಟ್ರೋಲರ್ ಒಂದು ಬೇಕು ಮಾವ.”

“ಅದ್ಯಾಕೆ? ಇಲ್ಲಿಂದಲ್ಲಿಗೆ ವೈರ್ ಎಳ್ದುಬಿಟ್ರೆ ಆಗಲ್ವಾ?”

“ಬ್ಯಾಟರಿ ಹೊಟ್ಟೆ ತುಂಬಿದ್ಮೇಲೂ ಪ್ಯಾನಲ್ ತುರುಕ್ತಾನೇ ಇರ್ತದೆ. ಸಾಕು ಅಂತ ತಡೆಯೋಕೆ ಒಬ್ರು ಬೇಕಲ್ಲ. ಮೊಬೈಲಲ್ಲೇ ಆರ್ಡರ್ ಮಾಡ್ತೀನಿ ಬಿಡಿ.”

“ಮುಟ್ಟಿ ನೋಡ್ದೆ ತಗೊಳ್ಳೋದಾ?” ಪುಟ್ಟಬಸವಯ್ಯ ಎದ್ದು ನಿಂತ. “ನೀವ್ ಸುಮ್ನಿರಿ. ನಾನು ಆರುಸ್ಕೊಂಡ್ ಬತ್ತೀನಿ.”

ಸುದ್ದಿ ಚಾಮಯ್ಯನಿಗೆ ಮುಟ್ಟಿತು. ಮರುದಿನ ಟೀ ಹೋಟೆಲಿನಲ್ಲಿ ಅವನು ಎಲ್ಲರಿಗೂ ಕೇಳುವಂತೆ, “ಏನ್ಲಾ ಪುಟ್ಬಸ್ವ, ಕಂಟ್ರೋಲ್ರು ತರ್ತೀಯಂತೆ? ಬಾಲ ಎಲ್ಲದೆ ಅಂತ ಗೊತ್ತೇನ್ಲಾ ಅದ್ಕೆ?” ಎಂದ. ಹೋಟೆಲ್ ತುಂಬ ನಗು. ಪುಟ್ಟಬಸವಯ್ಯನ ಕೈ ಮೀಸೆಗೆ ಹೋಯಿತು.

“ನೋಡ್ಲಾ ಚಾಮ. ನಾನು ಆರ್ಸಿ ತಂದದ್ದು ಭಾನ್ವಾರ ದೀಪ ಹಚ್ಚೋ ಹೊತ್ಗೆ ಬಲ್ಬ್ ಉರಿಸ್ಲಿಲ್ಲ ಅಂದ್ರೆ ಈ ಮೀಸೆ ಇರಲ್ಲ.”

“ಕತ್ರಿ ನಾನೇ ತತ್ತೀನಿ” ಎಂದ ಚಾಮಯ್ಯ, ತನ್ನ ಮೀಸೆಯನ್ನೂ ಒಮ್ಮೆ ತೀಡಿಕೊಂಡು.

ಪುಟ್ಟಬಸವಯ್ಯ ಪಂಥವನ್ನೇನೋ ಕಟ್ಟಿಬಿಟ್ಟ. ಕಂಟ್ರೋಲರನ್ನು ಅವನು ಅಲ್ಲಿಯವರೆಗೆ ಕಣ್ಣಲ್ಲೂ ಕಂಡಿರಲಿಲ್ಲ.

ಅಳಿಯ ಪ್ಯಾನಲ್, ಬ್ಯಾಟರಿಯ ಲೆಕ್ಕ ಬರೆದುಕೊಟ್ಟ ಚೀಟಿ ಹಿಡಿದು ಮೊದಲು ನಂಜನಗೂಡಿಗೆ ಹೋದ. ನಂಜೇಶ್ ಎಂಬ ಅಂಗಡಿಯವನು ಎರಡು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟ. ಒಂದು ಚಿಕ್ಕದು, ಇನ್ನೊಂದು ದಪ್ಪನೆಯದು.

“ಇದು ಪಿಡಬ್ಲ್ಯುಎಂ, ಅದು ಎಂಪಿಪಿಟಿ. ನಿಮ್ಮ ಪ್ಯಾನಲ್ ಮೂವತ್ತು ವೋಲ್ಟ್ ಮೇಲೆ ಕೊಡ್ತದೆ, ಬ್ಯಾಟರಿ ಹನ್ನೆರಡರದ್ದು. ಚಿಕ್ಕದನ್ನ ಹಾಕಿದ್ರೆ ಅದು ಪ್ಯಾನಲ್‌ನ ಬ್ಯಾಟರಿ ಮಟ್ಟಕ್ಕೆ ಎಳ್ಕೊಂಡು ಬರ್ತದೆ, ಅರ್ಧಕ್ಕೂ ಜಾಸ್ತಿ ವೇಸ್ಟು. ದೊಡ್ಡದು ಹೆಚ್ಚಿನ ವೋಲ್ಟನ್ನ ಕರೆಂಟಾಗಿ ಬದಲಾಯಿಸಿ ಬ್ಯಾಟರಿಗೆ ಕೊಡ್ತದೆ ಯಜಮಾನ್ರೇ.”

ಪುಟ್ಟಬಸವಯ್ಯ ಕಣ್ಣು ಮುಚ್ಚಿ ಯೋಚಿಸಿದ. “ಅಂದ್ರೆ ಚಿಕ್ಕದು, ಒಂದೇ ನೊಗಕ್ಕೆ ದೊಡ್ಡೆತ್ತನ್ನೂ ಎಳೆಗರಾನೂ ಕಟ್ಟಿದಂಗೆ. ಕರ ನಡೆದಂಗೇ ಎತ್ತೂ ನಡೀಬೇಕು.”

“ಹೂಂ… ಹಂಗೇ ಅನ್ಕೊಳ್ಳಿ” ಎಂದ ನಂಜೇಶ್.

“ಹಂಗಾರೆ ದೊಡ್ಡದೇ ಸೈ.” ಪುಟ್ಟಬಸವಯ್ಯ ದಪ್ಪ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ಕೆಳ ಅಂಚು ನೋಡಿದ. ವೈರು ಸಿಕ್ಕಿಸುವ ಸ್ಕ್ರೂ ತೂತುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಬೆರಳಿಟ್ಟು ಎಣಿಸಿದವನ ಮುಖ ಸಣ್ಣಗಾಯಿತು. “ಎಂಟು ಹಲ್ಲು! ಬಾಯಿಗೂಡ್ಬುಟ್ಟದಲ್ಲ ಸಾ!”

“ಏನು?”

“ವಯಸ್ಸಾಗ್ಬುಟ್ಟದೆ ಅಂದೆ.”

“ಸೀಲೇ ಒಡೆದಿರಲಿಲ್ಲ, ನಿಮ್ಮ ಮುಂದೇ ಒಡೆದ್ನಲ್ಲ! ಆರು ತೂತು ಪ್ಯಾನಲ್ಲು, ಬ್ಯಾಟರಿ, ಬಲ್ಬಿಗೆ. ಇನ್ನೆರಡು ಬ್ಯಾಟರಿ ಬಿಸಿ ಎಷ್ಟಿದೆ ಅಂತ ನೋಡೋ ವೈರಿಗೆ.”

“ವಯಸ್ಸಾದ್ಮೇಲೆ ಮೈ ಬಿಸಿ ನೋಡ್ಕೋಬೇಕಾಯ್ತದೆ. ನಂಗೊತ್ತಿಲ್ವಾ” ಎಂದು ಪುಟ್ಟಬಸವಯ್ಯ ಮರುಕದಿಂದ ಪೆಟ್ಟಿಗೆಯ ಬೆನ್ನು ತಟ್ಟಿ ಕೆಳಗಿಟ್ಟ. ನಂಜೇಶ್ ಬಾಯಿ ತೆರೆದುಕೊಂಡೇ ನಿಂತಿದ್ದ. ಅವನ ಹಲ್ಲನ್ನೂ ಒಮ್ಮೆ ನೋಡಿಕೊಂಡು ಪುಟ್ಟಬಸವಯ್ಯ ತಿ. ನರಸೀಪುರದ ಬಸ್ಸು ಹತ್ತಿದ.

ಅಲ್ಲಿ ಅಮೃತೇಶ್ ಎಂಬವನ ಅಂಗಡಿಯಲ್ಲಿ ಇನ್ನೊಂದು ಕಂಪನಿಯ ಎಂಪಿಪಿಟಿ ಇತ್ತು. ಎಣಿಸಿದರೆ ಸರಿಯಾಗಿ ಆರು ಹಲ್ಲು. ಪುಟ್ಟಬಸವಯ್ಯನ ಎದೆ ಹಗುರಾಯಿತು, ಆದರೆ ಮುಖದಲ್ಲಿ ತೋರಗೊಡಲಿಲ್ಲ. ಇಷ್ಟವಾದ ಎತ್ತಿನ ಮುಂದೆ ಮುಖ ಸಿಂಡರಿಸಿಕೊಂಡು ನಿಲ್ಲುವುದು ಅವನ ಹಳೆಯ ಅಭ್ಯಾಸ.

“ಪಕ್ಕೆಲುಬು ಕಾಣ್ತಾವಲ್ಲ ಸಾ. ಮೇವು ಕಮ್ಮಿ ಹಾಕಿದ್ದೀರಾ?”

“ಅದು ಬಿಸಿ ಹೊರಗೆ ಹೋಗ್ಲಿ ಅಂತ ಮಾಡಿರೋ ಅಲ್ಯೂಮಿನಿಯಂ ಪಟ್ಟಿ ಅಣ್ಣ.”

“ನಡ್ಸಿ ತೋರ್ಸಿ.”

ಅಮೃತೇಶ್ ಅದನ್ನು ಅಂಗಡಿಯ ಬ್ಯಾಟರಿಗೆ ಸಿಕ್ಕಿಸಿ ತೋರಿಸಿದ. ಪರದೆಯಲ್ಲಿ ಅಂಕಿಗಳು ಮೂಡಿದವು, ಹಸಿರು ದೀಪ ಮಿನುಗಿತು. ಪುಟ್ಟಬಸವಯ್ಯ ಮೂಸಿ ನೋಡಿದ, ಬಡಿದು ನೋಡಿದ, ಅಂಗೈಯಲ್ಲಿ ತೂಗಿ ನೋಡಿದ. ಬೆನ್ನಿನ ನಟ್ಟನಡುವೆ ಕಂಪನಿಯ ದುಂಡನೆಯ ಮುದ್ರೆ ಇತ್ತು. ಸುಳಿಯೂ ಜಾಗದಲ್ಲೇ ಇದೆ! ಇನ್ನು ತಡೆಯಲಾಗಲಿಲ್ಲ. ಹೆಗಲ ಟವಲನ್ನು ತೆಗೆದು ಅಮೃತೇಶನ ಕೈಮೇಲೆ ಹೊದಿಸಿ, ಅದರಡಿ ಅವನ ಬೆರಳುಗಳನ್ನು ಹಿಡಿದ. ದನದ ಸಂತೆಯಲ್ಲಿ ಬೆಲೆ ಮಾತಾಡುವುದು ಹಾಗೆಯೇ, ಪಕ್ಕದವನಿಗೆ ಗೊತ್ತಾಗಬಾರದು. ಅಮೃತೇಶನಿಗೆ ಅದು ಗೊತ್ತಿರಲಿಲ್ಲ.

“ಅಯ್ಯೋ, ಕಚಗುಳಿ ಆಯ್ತದೆ ಅಣ್ಣಾ! ಬಿಡೀ!”

“ಸುಮ್ನಿರಿ ಸಾ, ಜನ ನೋಡ್ತಾರೆ.”

“ನೋಡ್ತಾನೇ ಅವ್ರೆ! ರೇಟು ಡಬ್ಬದ ಮೇಲೇ ಬರ್ದದೆ ಕಣಣ್ಣ!”

ಕೊನೆಗೆ ನಕ್ಕು ನಕ್ಕು ಸುಸ್ತಾದ ಅಮೃತೇಶನೇ ಒಂದಿಷ್ಟು ಬಿಟ್ಟುಕೊಟ್ಟ. ಪುಟ್ಟಬಸವಯ್ಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಟ್ರೋಲರನ್ನು ಕಿಟಕಿಯ ಕಡೆ ಕೂರಿಸಿಕೊಂಡು ಬಂದ.

ಭಾನುವಾರ ಮಧ್ಯಾಹ್ನ ಅದನ್ನು ತೋಟದ ಮನೆಗೆ ತಂದಾಗ ಬಾಗಿಲಲ್ಲೇ ಮಹದೇವಮ್ಮ ಚೊಂಬು ಹಿಡಿದು ನಿಂತಿದ್ದಳು.

“ಅತ್ತೆ, ನೀರು ಯಾಕೆ?” ಪ್ರೇಮ್‌ಕುಮಾರ್ ಗಾಬರಿಯಾದ.

“ಒಸದು ಮನೆಗೆ ಬಂದದೆ. ಕಾಲು ತೊಳ್ದು ಒಳಕ್ಕೆ ಕರ್ಕೋಬ್ಯಾಡ್ವಾ?”

“ನೀರು ಬಿದ್ರೆ ಸತ್ತೋಯ್ತದೆ ಅತ್ತೆ!” ಪ್ರೇಮ್‌ಕುಮಾರ್ ಹಾರಿ ಚೊಂಬು ಕಿತ್ತುಕೊಂಡ. ಅವನ ಪ್ಯಾಂಟು ಒದ್ದೆಯಾಯಿತು, ಕಂಟ್ರೋಲರ್ ಉಳಿಯಿತು. ಅರಿಶಿನ ಕುಂಕುಮವಾದರೂ ಆಗಲಿ ಎಂದು ರಾಜಿಯಾಯಿತು. ಅವನು ಪ್ಯಾಂಟು ಹಿಂಡುತ್ತ, ಜೊತೆಗೆ ಬಂದಿದ್ದ ಕೋಮಲಳೊಂದಿಗೆ ವೈರುಗಳನ್ನು ಸರಿಮಾಡಲು ಒಳಗೆ ಹೋದ. ಕಲಸಿದ ಅರಿಶಿನವನ್ನು ಮಹದೇವಮ್ಮ ಪೆಟ್ಟಿಗೆಯ ಹಣೆಗೆ ಹಚ್ಚಿದಳು.

“ಹಲ್ಲಿಗೂ ಒಸಿ ಹಚ್ಚಮ್ಮಿ, ದೃಷ್ಟಿ ಆಗದೇ ಇರ್ಲಿ” ಎಂದ ಪುಟ್ಟಬಸವಯ್ಯ. ಅವಳು ಧಾರಾಳಿ. ಆರಕ್ಕೂ ತುಂಬಿದಳು. ಬಿಸಿಲಿಗೆ ಅದು ಬೇಗನೆ ಒಣಗಿತು.

ಹೊತ್ತು ಇಳಿಯುವಾಗ ಚಾಮಯ್ಯ ಬಂದ. ಮಂಕರಿ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತು, ಜೇಬಿನಿಂದ ಕತ್ತರಿ ತೆಗೆದು ಟವಲಿನಿಂದ ಒರೆಸತೊಡಗಿದ.

ಪ್ರೇಮ್‌ಕುಮಾರ್ ಮೊದಲು ಬ್ಯಾಟರಿಯ ವೈರು ಕೊಟ್ಟ. ಪರದೆ ಕಪ್ಪಗೇ ಇತ್ತು. ಸ್ಕ್ರೂ ಬಿಗಿಮಾಡಿದ. ಕಪ್ಪು. ಪ್ಯಾನಲಿನದನ್ನೂ ಕೊಟ್ಟ. ಆಗಲೂ ಕಪ್ಪು. ಫ್ಯಾನು, ಬಲ್ಬು ಎರಡೂ ಕಮಕ್ ಕಿಮಕ್ ಎನ್ನಲಿಲ್ಲ.

“ಅಂಗಡೀಲಿ ಉರೀತಿತ್ತು” ಎಂದ ಪುಟ್ಟಬಸವಯ್ಯ.

“ಸಂತೇಲಿ ಎಲ್ಲಾ ಎತ್ತೂ ನಡೀತವೆ” ಎಂದ ಚಾಮಯ್ಯ. “ಎಡಗಡೆಯಿಂದ ಸುರು ಮಾಡ್ಲೋ, ಬಲಗಡೆಯಿಂದ್ಲೋ?”

ದೂರದ ಮನೆಗಳಲ್ಲಿ ದೀಪಗಳು ಕಾಣಿಸಿಕೊಂಡವು. ಅಂಗಡಿಯವನು ಮೋಸ ಮಾಡಿದ ಎನ್ನಬಹುದಿತ್ತು. ಆದರೆ ಆರಿಸಿದವನು ತಾನು. ಮೋಸ ಹೋಗುವವನನ್ನು ಯಾರು ಸಂತೆಗೆ ಕರೆಯುತ್ತಾರೆ? ಪುಟ್ಟಬಸವಯ್ಯ ಮೀಸೆಯ ಎರಡು ತುದಿಯನ್ನೂ ಕೊನೆಯ ಸಲ ಹುರಿಮಾಡಿ ಕಲ್ಲಿನ ಮೇಲೆ ಕೂತ.

“ತೆಗಿಲಾ.”

ನಿಜವಾಗಿ ಆ ಹೊತ್ತು ಬಂದಾಗ ಚಾಮಯ್ಯ ಕತ್ತರಿಯನ್ನು ಮತ್ತೆ ಜೇಬಿಗೆ ಹಾಕಲು ಹೋದ. “ಓಗ್ಲಿ ಬಿಡ್ಲಾ. ತಮಾಸೆಗೆ ಅಂದದ್ದು. ನಾಳೆ ನೋಡಾನ.”

“ತೆಗಿ ಅಂದ್ರೆ ತೆಗಿಬೇಕು. ಮಾತು ಮಾತೇ.”

ಚಾಮಯ್ಯ ಅರ್ಧ ಕಣ್ಣು ಮುಚ್ಚಿಕೊಂಡು ಕತ್ತರಿ ಆಡಿಸಿದ. ಬಲಗಡೆಯ ಮೀಸೆ ತೊಡೆಯ ಮೇಲೆ ಬಿತ್ತು. ಮಹದೇವಮ್ಮ, “ಅಯ್ಯೋ ನನ್ನಪ್ನೇ” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವಿಗೋ ನಗುವಿಗೋ ಅವಳಿಗೇ ತಿಳಿಯಲಿಲ್ಲ.

“ಅಪ್ಪೋ, ನಿಲ್ಸಿ!” ಒಳಗಿನಿಂದ ಕೋಮಲ ಕೂಗಿದಳು. ವೈರುಗಳನ್ನು ಬಿಚ್ಚಿ ನೋಡುತ್ತಿದ್ದ ಅವಳ ಬೆರಳ ತುದಿಗಳೆಲ್ಲ ಹಳದಿಯಾಗಿದ್ದವು. “ತೂತಿನೊಳಗೆಲ್ಲ ಅರಿಶಿನ ಗಟ್ಟಿಯಾಗಿ ಕೂತದೆ! ವೈರಿನ ತಾಮ್ರ ಒಳಕ್ಕೆ ತಗುಲ್ತಾನೇ ಇಲ್ಲ!”

ಮಹದೇವಮ್ಮನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಂತು. ಕೋಮಲ ಒಂದೊಂದೇ ತೂತನ್ನು ಕೆರೆದಳು, ಪ್ರೇಮ್‌ಕುಮಾರ್ ಊದಿದ. ಬ್ಯಾಟರಿಯ ವೈರು ಕೊಟ್ಟೊಡನೆ ಪರದೆ ಕಣ್ಣುಬಿಟ್ಟಿತು. ಫ್ಯಾನು ಒಮ್ಮೆ ನರಳಿ ತಿರುಗಿತು. ಬಲ್ಬು ಹತ್ತಿಕೊಂಡು, ಅಂಗಳದ ಕಲ್ಲಿನ ಮೇಲೆ ಕೂತಿದ್ದ ಪುಟ್ಟಬಸವಯ್ಯನ ಅರ್ಧ ಮೀಸೆಯ ಮೇಲೆ ಬೆಳಕು ಚೆಲ್ಲಿತು.

ಚಾಮಯ್ಯ ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಉರೀತು” ಎಂದ ಪುಟ್ಟಬಸವಯ್ಯ. “ದೀಪ ಹಚ್ಚೋ ಹೊತ್ತು ಇನ್ನೂ ಮುಗ್ದಿಲ್ಲ. ಆರ್ಸಿದ್ದು ಸರಿಯಾಗೇ ಆರ್ಸಿದ್ದೆ.”

“ಹೌದು ಕಣ್ಲಾ. ಸರಿಯಾಗೇ ಆರ್ಸಿದ್ದೆ.” ಚಾಮಯ್ಯನ ದನಿ ಸಣ್ಣಗಾಗಿತ್ತು. “ಈಗೇನ್ಲಾ ಮಾಡಾದು? ಇದನ್ನ ಅಂಟಿಸ್ಕೊಳಕ್ಕಾಗಲ್ಲ.” ಕತ್ತರಿಯ ಹಿಡಿಯನ್ನು ಪುಟ್ಟಬಸವಯ್ಯನ ಕಡೆ ಚಾಚಿದ. “ತಗೋ. ನಂದೂ ಅರ್ಧ ತೆಗಿ. ಆಗ ಲೆಕ್ಕ ಸರಿಯಾಯ್ತದೆ.”

ಪುಟ್ಟಬಸವಯ್ಯ ಕತ್ತರಿ ತೆಗೆದುಕೊಂಡು ಎದ್ದ. ಚಾಮಯ್ಯನನ್ನು ಬಲ್ಬಿನ ಕೆಳಗೆ ನಿಲ್ಲಿಸಿ ಎದುರಿನಿಂದ ನೋಡಿದ. ಎಡದಿಂದ, ಬಲದಿಂದ ನೋಡಿದ. ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದಲೂ ನೋಡಿದ. ಗದ್ದ ಹಿಡಿದು ಎತ್ತಿ, ಎರಡೂ ಬದಿಯ ಮೀಸೆಯನ್ನು ಬೆರಳ ನಡುವೆ ಉಜ್ಜಿ, ದಪ್ಪ ಅಳೆದ. ಯಾರೂ ಅವಸರ ಮಾಡಲಿಲ್ಲ.

“ಎಡಗಡೇದು ಒಳ್ಳೇದದೆ” ಎಂದು ಕೊನೆಗೆ ತೀರ್ಪು ಕೊಟ್ಟ. “ಅದನ್ನ ಇಟ್ಕೊ.”

ಬಲಗಡೆಯದನ್ನು ಕತ್ತರಿಸಿದ. ಚಾಮಯ್ಯ ಉಳಿದದ್ದನ್ನು ಮುಟ್ಟಿ ನೋಡಿಕೊಂಡ.

“ನಂಗೂ ಮೊದ್ಲಿಂದ ಎಡಗಡೇದೇ ಚೆನ್ನಾಗದೆ ಅನ್ನುಸ್ತಿತ್ತು ಕಣ್ಲಾ” ಎಂದ.