ರಾಗಿ ಹೊಲದಲ್ಲಿ ಕಟ್ಟಿದ ಸೀಡಿಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ.

ಕಳೆದ ವಾರ ಕೊರಟಗೆರೆಯಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ, ಪಕ್ಕದ ಹುಡುಗಿಯ ಇಯರ್‌ಫೋನಿನಿಂದ ಯಾರೋ ಅರಚುವ ದನಿ ಕೇಳಿ ಬೆಚ್ಚಿದೆ. "ಏನಮ್ಮಾ ಅದು, ಗಾಳಿ ಹಿಡ್ದೋರಂಗೆ ಕಿರುಚ್ತಾನೆ?" ಎಂದೆ.

ಅವಳು ನಕ್ಕಳು. "ಬ್ಲ್ಯಾಕ್ ಮೆಟಲ್ ಅಂತಾರೆ ತಾತ, ಒಂಥರಾ ರಾಕ್ ಹಾಡು. ಯಾರಿಗೂ ಗೊತ್ತಿಲ್ದಿರೋ ಬ್ಯಾಂಡು. ನಮ್ಮಮ್ಮ ಹೋದಾಗ ನಂಗೆ ಅಳಾಕೇ ಬರ್ಲಿಲ್ಲ, ನನ್ ಬದ್ಲು ಇವ್ರು ಅತ್ರು" ಎಂದು ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ಕಿರುಚಾಟದ ಅಡಿಯಲ್ಲಿ ಗಿಟಾರು ನಿಧಾನವಾಗಿ ನುಡಿಯುತ್ತಿತ್ತು. ಸಾವಿನ ಮನೆಯಲ್ಲಿ ನಮ್ಮ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದೇ ಎಳೆತ.

ನನಗೆ ಕೂರಲಾಗಲಿಲ್ಲ. ನನ್ನ ಅಣ್ಣ ತೀರಿಕೊಂಡ ವರ್ಷ ಅವನ ಮಗಳು ಇಂಥದ್ದನ್ನೇ ಕೇಳುತ್ತಿದ್ದಳು. ಸೀಡಿ ಕವರಿನ ಮೇಲಿನ ತಲೆಬುರುಡೆ ನೋಡಿ ಮಾಟವೆಂದುಕೊಂಡ ನಾನು, ಅವಳ ಸೀಡಿಗಳನ್ನೆಲ್ಲ ದಾರಕ್ಕೆ ಪೋಣಿಸಿ ತೋವಿನಕೆರೆಯ ರಾಗಿ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದೆ. ಅವಳಿಗೆ ಬೇವಿನ ಸೊಪ್ಪಿನಲ್ಲಿ ಹೊಡೆಸಿ ಗಾಳಿ ಬಿಡಿಸಿದೆ. "ನಂಗೇನೂ ಹಿಡ್ದಿಲ್ಲ ಚಿಕ್ಕಪ್ಪ, ಅಪ್ಪ ಬೇಕು ಅಷ್ಟೇ" ಎಂದಿದ್ದಳು. ಆಮೇಲೆ ಅವಳು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಈಗ ದಿನವೂ ಅವಳ ನಂಬರ್ ಒತ್ತುತ್ತೇನೆ, ರಿಂಗಾಗುವ ಮೊದಲೇ ಕಟ್ ಮಾಡುತ್ತೇನೆ. ಅವಳ ಹೆಸರು ವನಜಾಕ್ಷಿ.