ಬಲ ಎದೆಯ ಮೇಲಿನ ಎಡಗೈ

ಇಂಥದ್ದನ್ನು ಯಾರಾದರೂ ಹೇಳಿದರೆ, ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಬಿಡಿ ಎಂದು ನಗುತ್ತಿದ್ದವಳು ನಾನು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ವೈದ್ಯೆ. ದಿನವೂ ಸಾವು ನೋಡಿ ಮನಸ್ಸು ಜಡ್ಡುಗಟ್ಟಿದೆ. ಈಗ ನೀವು ನಕ್ಕರೂ ನನ್ನ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಗೋಪನಕೊಪ್ಪದ ಹತ್ತಿ ವ್ಯಾಪಾರಿಯೊಬ್ಬರು ತಾಯಿ ಶಾಂತವ್ವನನ್ನು ಕರೆತಂದರು. ಸೋಂಕು ರಕ್ತಕ್ಕೇರಿ ಬಿಪಿ ಪಾತಾಳಕ್ಕಿಳಿದಿತ್ತು. ವೆಂಟಿಲೇಟರ್ ಹಾಕಿದೆವು. ಔಷಧಿ ಬಿಡಲು ಕುತ್ತಿಗೆಯ ಬಲಗಡೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕದಿದ್ದರೆ ಆಕೆ ಉಳಿಯುತ್ತಿರಲಿಲ್ಲ. ಅಲ್ಲೇ ಅಡ್ಡವಾಗಿ ಶಿವದಾರ, ಅದಕ್ಕೆ ಇಷ್ಟಲಿಂಗದ ಬೆಳ್ಳಿ ಕರಡಿಗೆ.

“ಮೈಮ್ಯಾಲಿಂದ ಪೂರಾ ತಗೀಬ್ಯಾಡ್ರಿ ಡಾಕ್ಟ್ರ,” ಮಗ ಕೈಮುಗಿದರು. “ನಮ್ಮವ್ವ ಜಳಕಾ ಮಾಡೂ ಮುಂದೂ ತಗದಾಕಿ ಅಲ್ಲ.”

ವಾದಿಸಲು ಹೊತ್ತಿರಲಿಲ್ಲ. ಪೂಜೆಯಲ್ಲಿ ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ ಅಲ್ಲವೇ? ನರ್ಸ್ ಸುಶೀಲಾ ಕರಡಿಗೆಯನ್ನು ಅದೇ ಅಂಗೈಗೆ ಬ್ಯಾಂಡೇಜಿನಿಂದ ಕಟ್ಟಿ, ಕೈಯನ್ನು ತೊಡೆಯ ಪಕ್ಕಕ್ಕಿಟ್ಟಳು. ಮೇಲೆ ಹಸಿರು ಬಟ್ಟೆ ಹೊದಿಸಿದೆವು. ಸ್ನಾಯುಗಳು ಅಲುಗದಂತೆ ಔಷಧಿ ಕೊಟ್ಟಿದ್ದರಿಂದ ಆಕೆಗೆ ರೆಪ್ಪೆ ಮಿಟುಕಿಸಲೂ ಆಗುತ್ತಿರಲಿಲ್ಲ.

ನಳಿಕೆ ಸಲೀಸಾಗಿ ಕೂತಿತು. ಮಾನಿಟರಿನಲ್ಲಿ ಎಲ್ಲ ಸರಿಯಿತ್ತು. ಬಟ್ಟೆ ಸರಿಸಿದರೆ ಆ ಎಡಗೈ ಬಲ ಎದೆಯ ಮೇಲಿತ್ತು, ಕರಡಿಗೆಯನ್ನು ಒತ್ತಿಕೊಂಡು.

“ನೀ ಇಟ್ಟಿಯೇನ?”

“ಇಲ್ರಿ ಮೇಡಂ. ನಾ ಮುಟ್ಟೇ ಇಲ್ರಿ.”

ಕೈಯೆತ್ತಿ ಪಕ್ಕಕ್ಕಿಡಲು ಹೋದೆ. ಅದರಡಿಯ ಎದೆ ಏಳುತ್ತಿರಲಿಲ್ಲ. ಎಡಭಾಗ ಮಾತ್ರ ಏಳುತ್ತಿತ್ತು. ನನ್ನ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿತ್ತು. ನುರಿತ ಕೈಗೂ ಒಮ್ಮೊಮ್ಮೆ ಆಗುವಂಥದ್ದು. ಗಾಳಿ ಹೊರಬಿಡಲು ಎದೆಗೆ ಕೊಳವೆ ಹಾಕಲು ಅಣಿಯಾದ ಮೇಲಷ್ಟೇ ಮಾನಿಟರ್ ಕೂಗತೊಡಗಿತು. ಆ ಕೈ ಅಲ್ಲಿರದಿದ್ದರೆ, ನಳಿಕೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಬರುವ ಎಕ್ಸ್‌ರೇಯವರ ದಾರಿ ಕಾಯುತ್ತ ಆಚೆ ಹೋಗಿಬಿಡುತ್ತಿದ್ದೆ.

ನನಗೆ ಹೆದರಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಮನೆಗೆ ಹೋಗಿ ರೊಟ್ಟಿ ತಿಂದೆ, ರುಚಿ ಗೊತ್ತಾಗಲಿಲ್ಲ.

ಶಾಂತವ್ವ ಉಳಿದರು. ಬಾಯಿಯ ನಳಿಕೆ ತೆಗೆದ ಮರುದಿನ ಒಡೆದ ದನಿಯಲ್ಲಿ ಕೇಳಿದರು: “ಆವತ್ತ ನನ್ನ ಕೈ ಹಿಡದು ಎದಿ ಮ್ಯಾಲ ಇಟ್ಟವ್ರು ಯಾರ್ರೀ?”

“ನಾವೇ ಯಾರೋ ಇಟ್ಟಿರಬೇಕ್ರಿ ಅಮ್ಮಾ,” ಎಂದೆ.

ಆಕೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ತುಸು ಹೊತ್ತು ನೋಡಿದರು. ಆಮೇಲೆ ಸುಶೀಲಾಳ ಕೈಯನ್ನೂ ಹಿಡಿದು ನೋಡಿದರು.

“ನೀವಲ್ಲ ಬಿಡ್ರಿ,” ಎಂದು ಕಣ್ಣು ಮುಚ್ಚಿದರು.

ಅಂದು ನಳಿಕೆ ಹಾಕುವಾಗ ಆ ಹಾಸಿಗೆಯ ಬಳಿ ನಾವಿಬ್ಬರೇ ಇದ್ದೆವು.