ಹನ್ನೊಂದು ವರ್ಷ ಮೂಕವಾಗಿದ್ದ ಕೀ

ಬಂದ್ಯೋಡಿನ ಸುತ್ತಮುತ್ತ ಯಾರದೇ ಹೊಲಿಗೆ ಮೆಷಿನ್ ಹಟ ಹಿಡಿದರೂ ಕರೆ ಹೋಗುವುದು ಫಿಡೆಲಿಸ್ ಕ್ರಾಸ್ತಾನಿಗೆ. ಅರವತ್ತಮೂರು ವರ್ಷದ ಈ ಮನುಷ್ಯ ಮೆಷಿನ್ ಬಿಚ್ಚುವ ಮೊದಲು ಅದರ ಮೇಲೆ ಕಿವಿಯಿಟ್ಟು ಕೇಳುತ್ತಾನೆ. ನೋಡಿದವರು ನಗುತ್ತಾರೆ, ನಗಲಿ. ಅವನು ಕೇಳಿ ಹೇಳಿದ್ದು ಈವರೆಗೆ ತಪ್ಪಿದ್ದಿಲ್ಲ. ಭಾನುವಾರ ಮಾತ್ರ ಅವನು ಮೆಷಿನ್ ಮುಟ್ಟುವುದಿಲ್ಲ. ಅಂದು ಊರಿನ ಸಣ್ಣ ಚರ್ಚಿನಲ್ಲಿ, ಅಂದರೆ ಇಗರ್ಜಿಯಲ್ಲಿ, ಅವನು ಆರ್ಗನ್ ಮಾಸ್ತರ. ಕಾಲಲ್ಲಿ ಪೆಡಲು ತುಳಿದು ಗಾಳಿ ತುಂಬಿಸಿ ಕೈಯಲ್ಲಿ ನುಡಿಸುವ ಹಳೇ ಮರದ ಆರ್ಗನ್ ಅದು. ನಲವತ್ತು ವರ್ಷದಿಂದ ಅದೂ ಅವನೂ ಒಟ್ಟಿಗೇ ಮುದಿಯಾಗಿದ್ದಾರೆ.

ಅಂಥ ಕಿವಿಯಿದ್ದವನು ಒಂದು ಸುಳ್ಳು ಹೇಳಿದ್ದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನು ಕಾಸರಗೋಡಿನ ದೊಡ್ಡ ಅಂಗಡಿಗೆ ಯಾಕೆ ಹೋದ ಎನ್ನುವುದು ನಿಮಗೆ ಅರ್ಥವಾಗದು.

ಇಗರ್ಜಿಯ ಆ ಆರ್ಗನಿನ ಒಳಗೆ ಪ್ರತಿ ಕೀಗೂ ಒಂದು ಹಿತ್ತಾಳೆಯ ನಾಲಗೆ ಇರುತ್ತದೆ. ಗಾಳಿ ತಾಗಿದರೆ ಅದು ನಡುಗುತ್ತದೆ, ಸ್ವರ ಹೊರಡುತ್ತದೆ. ಹನ್ನೊಂದು ವರ್ಷದ ಹಿಂದೆ ನಡುವಿನ ಒಂದು ನಾಲಗೆ ತುಂಡಾಯಿತು. ಮಂಗಳೂರಿನಲ್ಲಿ ಅದನ್ನು ಮಾಡಿಕೊಡುತ್ತಿದ್ದ ಮುದುಕ ಅಷ್ಟರಲ್ಲೇ ತೀರಿಕೊಂಡಿದ್ದ. ವಿಷಯ ಬಾಯಿಬಿಟ್ಟರೆ ಪಾದ್ರಿಗಳು ಕರೆಂಟಿನ ಕೀಬೋರ್ಡು ತಂದಿಟ್ಟಾರು ಎಂದು ಫಿಡೆಲಿಸನಿಗೆ ಹೆದರಿಕೆ. ಕಾಲಿಗೆ ಕೆಲಸವೇ ಇಲ್ಲದ ಆ ವಾದ್ಯದಲ್ಲಿ ಅವನಿಗೆ ಎರಡು ಸಾಲು ನುಡಿಸಲೂ ಬರುವುದಿಲ್ಲ. ಹಾಗಾಗಿ ಸತ್ತ ಕೀ ಬಂದಲ್ಲೆಲ್ಲ ಅದರ ಪಕ್ಕದ, ಒಂದು ಮೆಟ್ಟಿಲು ಕೆಳಗಿನ ಕೀ ಒತ್ತಿ ಸುಧಾರಿಸಿದ. ಜನ ಆರ್ಗನ್ ಹೋದ ಕಡೆ ಹೋಗುವವರು. ಗ್ಲೋರಿಯಾ ಹಾಡಿನಲ್ಲಿ ಸ್ವರ ಹತ್ತಬೇಕಾದ ಜಾಗದಲ್ಲಿ ಇಡೀ ಇಗರ್ಜಿ ಇಳಿಯಲು ಕಲಿತುಬಿಟ್ಟಿತು. ಆಮೇಲೆ ಹುಟ್ಟಿದ ಮಕ್ಕಳಿಗಂತೂ ಅದೇ ಸರಿ.

ಕಲಿಯದೆ ಉಳಿದವಳು ಒಬ್ಬಳೇ, ಫಿಡೆಲಿಸನ ಅಕ್ಕ ಲೂರ್ಡ್ಸ್ ಬಾಯಿ. ಈಗ ಎಪ್ಪತ್ತಾರು. ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚುವ ರೋಸಿನ ಶಾಸ್ತ್ರಕ್ಕೆ ಸೋಬಾನೆ ಹಾಡಲು ಅವಳಿಗೆ ಹೊಸಂಗಡಿಯಿಂದಲೂ ಕರೆ ಬರುತ್ತಿತ್ತು. ಇಗರ್ಜಿಯ ಗಾಯನ ತಂಡದಲ್ಲೂ ಅವಳಿದ್ದಳು. ಮೂರು ವರ್ಷದ ಹಿಂದೆ ಅದರ ಮುಂದಾಳು ಸಿಂಥಿಯಾ, "ಬಾಯಿ, ನಿಮ್ಮ ಸ್ವರ ಒಂದು ಕಡೆ ತಪ್ತದೆ. ಇನ್ನು ಬೆಂಚಿನಲ್ಲಿ ಕೂತು ಆರಾಮ ಮಾಡಿ" ಎಂದಳು. ಸಂಜೆ ಅಕ್ಕ ನೇರ ತಮ್ಮನ ರಿಪೇರಿ ಅಂಗಡಿಗೆ ಬಂದಳು.

"ಫಿಡೆಲ್, ನಿಜ ಹೇಳು. ನಾನು ತಪ್ಪಿ ಹಾಡ್ತೇನಾ?"

ಎಣ್ಣೆಯ ಡಬ್ಬಿ ಹಿಡಿದಿದ್ದ ಫಿಡೆಲಿಸ್ ತಲೆ ಎತ್ತಲಿಲ್ಲ. "ವಯಸ್ಸಾಯ್ತಲ್ಲ ಬಾಯಿ."

ಥೂ! ಒಡಹುಟ್ಟಿದವಳಿಗೆ ಹೇಳುವ ಮಾತೇ ಅದು? ಅಂದಿನಿಂದ ಲೂರ್ಡ್ಸ್ ಬಾಯಿ ಇಗರ್ಜಿಯಲ್ಲಿ ತುಟಿ ಬಿಚ್ಚಲಿಲ್ಲ. ಸೋಬಾನೆಯನ್ನೂ ಬಿಟ್ಟಳು. ಫಿಡೆಲಿಸನಿಗೆ ಪ್ರತಿ ಭಾನುವಾರ ಎರಡನೇ ಬೆಂಚಿನ ಆ ಮುಚ್ಚಿದ ಬಾಯಿ ಕಾಣುತ್ತಿತ್ತು, ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಈ ವರ್ಷ ಅವನ ಹೆಂಡತಿ ಟ್ರೀಜಾ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕೊಚ್ಚಿ, ಕಣ್ಣೂರಿನಲ್ಲೆಲ್ಲ ಮಳಿಗೆಗಳಿರುವ ಸಂಗೀತದ ಕಂಪೆನಿಯೊಂದು ಕಾಸರಗೋಡಿನಲ್ಲೂ ಬಾಗಿಲು ತೆರೆದಿತ್ತು. ಅಲ್ಲಿ 'ವಿಂಟೇಜ್' ಎಂಬ ಮೂಲೆ. ಮೂಲೆಯಲ್ಲಿ ಒಂದು ಪೆಡಲು ಆರ್ಗನ್. ಮರುದಿನವೇ ಫಿಡೆಲಿಸ್ ಸಾಮಾನಿನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ.

ಅಬ್ಬಬ್ಬ, ಆ ಮೂಲೆ! ತಟ್ಟೆಯಷ್ಟಗಲ ಸುರುಳಿಯ ಟೇಪ್ ರೆಕಾರ್ಡರು, ಕಬ್ಬಿಣದ ಜಾಲರಿಯ ಮೈಕು, ಯಾರೋ ಗಲ್ಫಿನಿಂದ ಹೊತ್ತು ತಂದಿದ್ದ ಕೀಬೋರ್ಡು, ಹಲ್ಲು ಹಳದಿಯಾದ ಅಕಾರ್ಡಿಯನ್. ಬಂದ ಕೆಲಸ ಮರೆತು ಅವನು ಒಂದೊಂದರ ಬೆನ್ನೂ ತಿರುಗಿಸಿ ನೋಡಿದ. ಇದರ ಸ್ಕ್ರೂ ಯಾಕೆ ಹೊಸತು? ಈ ಪಟ್ಟಿಯನ್ನು ಯಾರ ಹೆಗಲು ಸವೆಸಿತು? ಟೇಪ್ ರೆಕಾರ್ಡರಿಗೆ ಕಿವಿಯಿಟ್ಟಾಗ ಹಿಂದಿನಿಂದ ಹೆಣ್ಣಿನ ದನಿ ಕೇಳಿತು.

"ಎಂತ ಸಾರ್, ಅದಕ್ಕೆ ಜ್ವರ ಉಂಟಾ?"

ಅಂಗಡಿಯ ವಿಜೇತಾ, ಪೆರ್ಲದ ಕಡೆಯ ಹುಡುಗಿ. ಫಿಡೆಲಿಸ್ ನಕ್ಕು ಆರ್ಗನ್ ತೋರಿಸಿದ. ಬೆಲೆಯ ಚೀಟಿಯನ್ನು ಒಮ್ಮೆ ನೋಡಿದವನು ಮತ್ತೆ ಆ ಕಡೆ ತಿರುಗಲಿಲ್ಲ.

"ಕೂತು ನುಡಿಸಿ ನೋಡಿ ಸಾರ್."

"ಆಗ್ಲಿಕ್ಕಿಲ್ಲ. ಬೂದಿ ಬುಧವಾರದಿಂದ ಈಸ್ಟರಿನವರೆಗೆ ನಮಗೆ ತಪಸ್ಸಿನ ಕಾಲ. ನಾನು ವಾದ್ಯ ನುಡಿಸುವುದಿಲ್ಲ. ನಮ್ಮ ಅಪ್ಪನ ಕಾಲದಿಂದ ನೇಮ."

"ಹಾಗಾದ್ರೆ ಮ್ಯೂಸಿಕ್ ಅಂಗಡಿಗೆ ಬಂದದ್ದು ಎಂತಕ್ಕೆ?"

"ಕೇಳ್ಲಿಕ್ಕೆ. ನೇಮ ಕೈಗೆ ಮಾರಾಯ್ತಿ, ಕಿವಿಗಲ್ಲ. ನೀನೇ ಒತ್ತು."

ವಿಜೇತಾ ಕೂತು ಪೆಡಲು ತುಳಿದಳು. ಅದು ಸತ್ತ ಮೀನಿನ ಹಾಗೆ ಕೆಳಗೆ ಬಿತ್ತು. "ಬಂದಾಗಿಂದ ಹೀಗೇ. ಯಾರಿಗೂ ರಿಪೇರಿ ಗೊತ್ತಿಲ್ಲ" ಎಂದಳು.

ಫಿಡೆಲಿಸ್ ಬಗ್ಗಿ ನೋಡಿದ. ಪೆಡಲನ್ನು ಎಳೆಯುವ ಪಟ್ಟಿ ಹರಿದಿತ್ತು. "ಇದಾ? ಇದು ಹೊಲಿಗೆ ಮೆಷಿನಿನ ರೋಗ!" ಚೀಲದಿಂದ ಚರ್ಮದ ಬೆಲ್ಟು, ಕೊಕ್ಕೆ ಹೊರಬಂದವು. ರಿಪೇರಿಗೆ ನೇಮದ ಅಡ್ಡಿಯಿಲ್ಲವಷ್ಟೆ. ಕಾಲು ಗಂಟೆಯಲ್ಲಿ ಆರ್ಗನ್ ಉಸಿರಾಡಿತು. ವಿಜೇತಾ ಒಂದೊಂದೇ ಕೀ ಒತ್ತುತ್ತ ಬಂದಳು. ಆ ಕೀ ಬಂತು.

"ಇನ್ನೊಮ್ಮೆ" ಎಂದ ಫಿಡೆಲಿಸ್. ಮೂರನೇ ಸಲ ಕೇಳುವಾಗ ಅವನ ಕಣ್ಣು ತುಂಬಿತ್ತು.

ಸ್ವರ ಕೇಳಿ ಮ್ಯಾನೇಜರ್ ಫಸಲ್ ಓಡಿ ಬಂದ. ಹೆಂಡತಿಗೂ ಹೇಳದಿದ್ದ ಕಥೆಯನ್ನು ಫಿಡೆಲಿಸ್ ಆ ಇಬ್ಬರು ಅಪರಿಚಿತರ ಮುಂದೆ ಪೂರ್ತಿ ಹೇಳಿಬಿಟ್ಟ. ಫಸಲ್ ಗಡ್ಡ ಕೆರೆದುಕೊಂಡು ಆರ್ಗನಿನ ಒಳಗೆ ಇಣುಕಿದ.

"ಇದರಲ್ಲಿ ನಾಲಗೆ ಎರಡೆರಡು ಸಾಲು ಉಂಟಲ್ಲ? ಹಿಂದಿನ ಸಾಲಿಂದ ಒಂದು ತೆಗೀರಿ. ಪೆಡಲು ಸರಿ ಮಾಡಿದ ಕೂಲಿ ಅಂತ ಹೆಡ್ ಆಫೀಸಿಗೆ ನಾನು ಬರೀತೇನೆ."

ಫಿಡೆಲಿಸ್ ನಾಲಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿದ. ಹೊರಡುವಾಗ ವಿಜೇತಾ ಸುಮ್ಮನಿರಲಾರದೆ ಕೇಳಿದಳು: "ಅದನ್ನು ಹಾಕಿದ್ರೆ ಸಾಕಾ? ಅಕ್ಕನ ಹತ್ರ ಹೇಳುದು ಬೇಡ್ವಾ?"

"ಆರ್ಗನೇ ಹೇಳ್ತದೆ" ಎಂದು ಅವನು ಜಾರಿಕೊಂಡ.

ನಾಲಗೆ ಅವತ್ತೇ ಕೂತಿತು. ಆದರೆ ನೇಮ ನೇಮವೇ. ಒತ್ತಿ ನೋಡುವಂತಿಲ್ಲ, ಗ್ಲೋರಿಯಾವನ್ನಂತೂ ತಪಸ್ಸಿನ ಕಾಲದಲ್ಲಿ ಯಾರೂ ಹಾಡುವುದಿಲ್ಲ. ಹಾಗಾಗಿ ಆರ್ಗನ್ ಬದಲಾದದ್ದು ಅವನೊಬ್ಬನಿಗೇ ಗೊತ್ತು.

ಈಸ್ಟರಿನ ಬೆಳಿಗ್ಗೆ ಇಗರ್ಜಿ ತುಂಬಿತ್ತು. ಗ್ಲೋರಿಯಾ ಶುರುವಾಯಿತು. ಆ ಜಾಗ ಬಂದಾಗ ಆರ್ಗನ್ ಹತ್ತಿತು, ಜನ ಇಳಿದರು. ಬೆಕ್ಕಿನ ಬಾಲ ತುಳಿದ ಹಾಗಾಯಿತು. ಮಕ್ಕಳು ಕಿಸಕ್ಕೆಂದವು. ಸಿಂಥಿಯಾ ಕಣ್ಣು ಕೆಕ್ಕರಿಸಿದಳು. ಫಿಡೆಲಿಸನಿಗೆ ಅದರ ಪರಿವೆಯಿರಲಿಲ್ಲ. ಅವನ ಕಣ್ಣು ಎರಡನೇ ಬೆಂಚಿನ ಮೇಲಿತ್ತು. ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ. ಪಲ್ಲವಿ ಎರಡನೇ ಸಲ ಬಂತು, ಮತ್ತೆ ಅದೇ ಕಿರುಚಾಟ. ಲೂರ್ಡ್ಸ್ ಬಾಯಿ ತಮ್ಮನನ್ನೇ ನೋಡುತ್ತಿದ್ದಳು. ತುಟಿ ಬಿಗಿದೇ ಇತ್ತು.

ಆರ್ಗನ್ ಹೇಳುವುದಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಅವನು ಪೆಡಲಿನಿಂದ ಕಾಲು ತೆಗೆದ. ಹಾಡು ತುಂಡಾಗಿ ನಿಂತಿತು. ಪಾದ್ರಿಗಳು ತಿರುಗಿದರು. ಫಿಡೆಲಿಸ್ ಎದ್ದು ನಿಂತ.

"ಕ್ಷಮಿಸಬೇಕು ಫಾದರ್. ತಪ್ಪು ಇವರದ್ದಲ್ಲ. ಈ ಆರ್ಗನಿನ ಒಂದು ಕೀ ಹನ್ನೊಂದು ವರ್ಷ ಸತ್ತಿತ್ತು. ನಾನು ಮುಚ್ಚಿಟ್ಟೆ. ಲೂರ್ಡ್ಸ್ ಬಾಯಿ ಹಾಡ್ತಾ ಇದ್ದದ್ದೇ ಸರಿ. ನಾನು ಅವಳಿಗೂ ಸುಳ್ಳು ಹೇಳಿದೆ."

ಪಾದ್ರಿಗಳು, "ಸರಿ, ಮೊದಲಿಂದ ಹಾಡುವ" ಎಂದರು. ಫಿಡೆಲಿಸ್ ಕೂತು ಕೀಯ ಮೇಲೆ ಕೈಯಿಡುವ ಮೊದಲೇ ಎರಡನೇ ಬೆಂಚಿನಿಂದ ಗ್ಲೋರಿಯಾ ಎದ್ದಿತು. ಒಡಕು ದನಿ, ಅಲ್ಲಲ್ಲಿ ಉಸಿರು ಸಾಲದು. ಆದರೆ ಆ ಜಾಗದಲ್ಲಿ ಅದು ಹತ್ತಿತು. ಆರ್ಗನ್ ಅದರ ಹಿಂದೆಯೇ ಹತ್ತಿತು.

ಪೂಜೆ ಮುಗಿದ ಮೇಲೆ ಸಿಂಥಿಯಾ ಬಂದು ಲೂರ್ಡ್ಸ್ ಬಾಯಿಯ ಎರಡೂ ಕೈ ಹಿಡಿದು ಅತ್ತಳು. ಅವಳು ಹೋಗುವವರೆಗೆ ಕಾದು ಫಿಡೆಲಿಸ್ ಅಕ್ಕನ ಬಳಿ ಹೋದ.

"ಬಾಯಿ, ಆರ್ಗನಿನ ಮೇಲೆ ನಿನಗೆ ಸಂಶಯ ಇತ್ತಾ?"

"ಸಂಶಯ ಎಂತದು? ಆರ್ಗನ್ ತಪ್ಪೋದು ನನಗೆ ಮೊದಲ ಭಾನುವಾರವೇ ಗೊತ್ತುಂಟು. ಆ ದಿನ ಅಂಗಡಿಗೆ ಬಂದದ್ದು ನೀನು ನಿಜ ಹೇಳ್ತೀಯಾ ಅಂತ ನೋಡ್ಲಿಕ್ಕೆ." ಅವಳು ಕೊಡೆ ಬಿಡಿಸಿ ಅವನ ಕೈಗೆ ಕೊಟ್ಟಳು. "ಮೂರು ವರ್ಷ ಬೇಕಾಯ್ತಲ್ಲ ಮಾರಾಯ ನಿನಗೆ. ನಡಿ ಈಗ, ಹಸಿವಾಗ್ತದೆ."